ಬೈಗುಳವೇ ಹಾಡಾದಾಗ

(ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ತೂಕ, ತೆರಿಗೆಗಳ ಮಾತನ್ನು ಈ ಸಂಜೆಯ ಮಟ್ಟಿಗೆ ಬದಿಗಿಟ್ಟು ಹಾಡುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಹೊಟ್ಟೆಯ ಪ್ರಶ್ನೆ ಎದುರಿಗಿರುವಾಗ ಹಾಡಿನ ಗೊಡವೆ ಏಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ನಾನು ಹೇಳಹೊರಟಿರುವುದು ಬರಿಯ ಮನರಂಜನೆಯ ಹಾಡುಗಳನ್ನು ಕುರಿತಲ್ಲ. ಬೈಗುಳದ ಶಬ್ದವನ್ನೇ ತಲೆಬರಹ ಮಾಡಿಕೊಂಡ ಹಾಡುಗಳನ್ನು ಕುರಿತು.

ಬೈಗುಳ ನಮಗೆ ಯಾರಿಗೂ ಹೊಸದಲ್ಲ. ಗಂಜಿನಲ್ಲಿ ಚೀಲ ಹೊರುವವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇರುತ್ತದೆ. ಆದರೂ 'ಏ ಹಮಾಲ, ಬಾರಲೇ ಇಲ್ಲಿ' ಎಂದೇ ಕೂಗುತ್ತಾರೆ. ಓದಿನಲ್ಲಿ ಹಿಂದೆ ಬಿದ್ದ ಹುಡುಗನಿಗೆ ಮನೆಯಲ್ಲಿ 'ಹೋಗು, ಹಮಾಲಿ ಮಾಡು' ಎನ್ನುತ್ತಾರೆ. ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಹೆಣ್ಣುಮಗಳು ವಾರದ ಕೂಲಿಯ ಲೆಕ್ಕವನ್ನು ಗಟ್ಟಿಯಾಗಿ ಕೇಳಿದರೆ, ಮರುಕ್ಷಣವೇ 'ಬಜಾರಿ ಅದಾಳ ಆಕಿ' ಎಂಬ ಮಾತು ಹುಟ್ಟುತ್ತದೆ. ಒಬ್ಬನಿಗೆ ಕಡಿಮೆ ಕೂಲಿ ಕೊಡಬೇಕಾದರೆ ಮೊದಲು ಅವನನ್ನು ಕಡಿಮೆ ಹೆಸರಿನಿಂದ ಕರೆಯಬೇಕಾಗುತ್ತದೆ. ಆದುದರಿಂದ ಹೆಸರಿನ ಪ್ರಶ್ನೆಯೂ ಹೊಟ್ಟೆಯ ಪ್ರಶ್ನೆಯೂ ಅಕ್ಕಪಕ್ಕದ ಮನೆಯವೇ.

ಈಗ ದೂರದ ಸ್ಪೇನ್ ದೇಶದ ಒಂದು ಸಂಗತಿಯನ್ನು ಕೇಳಿ. ಯುರೋಪಿನ ದೇಶಗಳು ವರ್ಷಕ್ಕೊಮ್ಮೆ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆ ನಡೆಸುತ್ತವೆ. 2024ರ ಸ್ಪರ್ಧೆಗೆ ಸ್ಪೇನ್ ಕಳುಹಿಸಿದ ಹಾಡಿನ ಹೆಸರು 'ಸೋರ್ರಾ'. ಹಾಡಿದವರು ನೆಬುಲೋಸಾ ಎಂಬ ಜೋಡಿ. ಅವರು ಗಂಡ ಹೆಂಡತಿ. ಹಾಡುವ ಮೇರಿ ಬಾಸ್ ಐವತ್ತು ದಾಟಿದ ಹೆಂಗಸು. 'ಸೋರ್ರಾ' ಎಂದರೆ ಅಕ್ಷರಶಃ ಹೆಣ್ಣು ನರಿ. ಆದರೆ ಆ ದೇಶದ ಬೀದಿಯಲ್ಲಿ ಅದನ್ನು ಹೆಂಗಸಿಗೆ ಅಂದರೆ 'ಸೂಳೆ' ಎಂದು ಬೈದ ಹಾಗೆ. ಅದೇ ಶಬ್ದವನ್ನು ಗಂಡಿಗೆ ಹಚ್ಚಿ 'ಸೋರ್ರೋ' ಎಂದರೆ ಚಾಣಾಕ್ಷ, ಜಾಣ ಎಂದಾಗುತ್ತದೆ. ಮುಖವಾಡ ಹಾಕಿ ಕತ್ತಿ ಹಿಡಿದು ಕುದುರೆ ಏರಿ ಬರುವ ಜೋರೋ ಎಂಬ ಸಿನಿಮಾ ವೀರನನ್ನು ನಮ್ಮವರೂ ನೋಡಿದ್ದಾರೆ. ಅವನ ಹೆಸರಿನ ಅರ್ಥ ಗಂಡು ನರಿ ಎಂದೇ. ಪ್ರಾಣಿ ಒಂದೇ. ಗಂಡಿಗೆ ಅದು ಬಿರುದು, ಹೆಣ್ಣಿಗೆ ಬೈಗುಳ.

ಇದು ಪರದೇಶದ ವಿಚಿತ್ರವೆಂದು ನಗುವ ಮೊದಲು ನಮ್ಮ 'ಬಜಾರಿ'ಯನ್ನು ನೆನೆಯಬೇಕು. ಬಜಾರಿನಲ್ಲಿ ಕುಳಿತು ವ್ಯಾಪಾರ ಮಾಡುವ ಗಂಡಸು ಸಾಹುಕಾರ. ಅದೇ ಬಜಾರಿನ ಹೆಸರನ್ನು ಹೆಣ್ಣಿಗೆ ಹಚ್ಚಿದರೆ ನಾಚಿಕೆ ಬಿಟ್ಟವಳು, ಬಾಯಿಬಡಕಿ ಎಂದಾಗುತ್ತದೆ. ಕುಷ್ಟಗಿಯ ಸಂತೆಯಲ್ಲಾಗಲಿ ಯಲಬುರ್ಗಾದ ಸಂತೆಯಲ್ಲಾಗಲಿ ಬಿಸಿಲಲ್ಲಿ ಕುಳಿತು ಮೆಣಸಿನಕಾಯಿ, ಸೊಪ್ಪು ಮಾರುವ ನಮ್ಮ ಅಕ್ಕತಂಗಿಯರು ಮಾಡುವುದು ನೀವು ಮಾಡುವ ವ್ಯಾಪಾರವನ್ನೇ. ದರ ಕೂಗದೆ, ಚೌಕಾಶಿಗೆ ಎದುರು ಮಾತಾಡದೆ ಸಂತೆ ಮಾಡುವುದು ಯಾರಿಗೆ ಸಾಧ್ಯ? ದುಡಿಮೆಗೆ ಬೇಕೇ ಬೇಕಾದ ಗಂಟಲನ್ನು ಬೈಗುಳ ಮಾಡಿ ಇಟ್ಟಿದ್ದೇವೆ.

ಆ ಸ್ಪೇನಿನ ಹಾಡಿನ ತಿರುಳು ಇಷ್ಟೇ: ನಾನು ಹೇಗೆ ನಡೆದರೂ ನೀವು ನನಗೆ ಕೊಡುವ ಹೆಸರು ಅದೊಂದೇ ಆಗಿದ್ದರೆ, ಆ ಹೆಸರನ್ನು ನಾನೇ ಹಾಡುತ್ತೇನೆ, ಇನ್ನು ಅದರಿಂದ ನನ್ನನ್ನು ಹೆದರಿಸಲಾರಿರಿ. ಹಾಡು ದೇಶದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಪ್ರಧಾನಿ ಪೆಡ್ರೊ ಸ್ಯಾಂಚೆಸ್ ಅದರ ಪರವಾಗಿ ಮಾತಾಡಿದರು. ಸ್ಪೇನಿನ ಸ್ತ್ರೀವಾದಿಗಳಲ್ಲೇ ಒಂದು ಗುಂಪು ಮಾತ್ರ ಹಾಡನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒತ್ತಾಯಿಸಿತು. ಆ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಅದರ ಮಾತಿಗೆ ಮುಂದೆ ಬರುತ್ತೇನೆ. ಸ್ವೀಡನ್ ದೇಶದ ಮಾಲ್ಮೋ ನಗರದಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಹಾಡಿಗೆ ಸಿಕ್ಕಿದ್ದು 22ನೆಯ ಸ್ಥಾನ. ಬಹುಮಾನ ಬರಲಿಲ್ಲ, ಚರ್ಚೆ ಮಾತ್ರ ಮನೆಮನೆಗೂ ಮುಟ್ಟಿತು.

ಇದಕ್ಕೂ ನಲವತ್ತೊಂದು ವರ್ಷ ಮೊದಲೇ, 1983ರಲ್ಲಿ, ಅದೇ ಶಬ್ದವನ್ನು ಹಾಡಿದವರು ಇದ್ದರು. ಸ್ಪೇನಿನ ಉತ್ತರಕ್ಕೆ ಬಿಲ್ಬಾವೋ ನಗರದ ಮಗ್ಗುಲಲ್ಲಿ ಬರಾಕಾಲ್ದೋ ಎಂಬ ಊರಿದೆ. ಆಗ ಅದು ಉಕ್ಕಿನ ಕುಲುಮೆಗಳ, ಕಾರ್ಮಿಕರ ಊರಾಗಿತ್ತು. ಅಲ್ಲಿನ ನಾಲ್ವರು ಯುವತಿಯರು 'ಲಾಸ್ ವುಲ್ಪೆಸ್' ಎಂಬ ಹೆಸರಿನಲ್ಲಿ ತಂಡ ಕಟ್ಟಿದರು. ವುಲ್ಪೆಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನರಿ. ತಾನು 'ಸೋರ್ರಾ' ಆಗಿರುವುದೇ ತನಗೆ ಇಷ್ಟ ಎಂಬ ಅರ್ಥದ ತಲೆಬರಹವುಳ್ಳ ಹಾಡನ್ನು ಅವರು ಸರ್ಕಾರಿ ಟೆಲಿವಿಷನ್‌ನಲ್ಲಿ ಹಾಡಿದರು. ಅಮೆರಿಕದ ಗಂಡಸರ ತಂಡವೊಂದು 1969ರಲ್ಲಿ ಹಾಡಿದ್ದ ಹಾಡಿನ ಧಾಟಿಯನ್ನೇ ಅವರು ಬಳಸಿದ್ದರು. ಆ ಮೂಲ ಹಾಡಿನಲ್ಲಿ ಗಂಡಸು ತಾನು ನಾಯಿಯಾಗಬೇಕೆಂದು ಹಾಡುತ್ತಾನೆ. ಗಂಡಸು ತನ್ನನ್ನು ನಾಯಿ ಎಂದುಕೊಂಡದ್ದು ಸಂಗೀತವಾಯಿತು, ಹೆಂಗಸು ತನ್ನನ್ನು ನರಿ ಎಂದುಕೊಂಡದ್ದು ಅಪರಾಧವಾಯಿತು. ಒಂದು ದೊಡ್ಡ ಪತ್ರಿಕೆ ಹಾಡಿನ ಮಾತುಗಳನ್ನು ಅಚ್ಚು ಹಾಕಿ ಕೂಗೆಬ್ಬಿಸಿತು. ಸರ್ಕಾರಿ ವಕೀಲರು ಮೊಕದ್ದಮೆಗೆ ಕೈಹಾಕಿದರು. ಆ ಕಾರ್ಯಕ್ರಮವೇ ನಿಂತುಹೋಯಿತು. ಅದನ್ನು ನಡೆಸುತ್ತಿದ್ದ ಕಾರ್ಲೋಸ್ ತೇನಾ ಹುದ್ದೆ ಬಿಟ್ಟರು. ಆಗ ಅಲ್ಲಿ ಅಧಿಕಾರದಲ್ಲಿದ್ದುದು ಸಮಾಜವಾದಿ ಪಕ್ಷ ಎಂಬುದನ್ನೂ ನಾವು ಮರೆಮಾಚಬಾರದು. ಬ್ಯಾನರಿನ ಬಣ್ಣ ಬದಲಾದ ಮಾತ್ರಕ್ಕೆ ಕಿವಿ ಬದಲಾಗುವುದಿಲ್ಲ.

ಆ ಯುವತಿಯರ ಸಿಟ್ಟಿಗೆ ಕಾರಣವಿತ್ತು. ಸರ್ವಾಧಿಕಾರಿ ಫ್ರಾಂಕೋ 1975ರಲ್ಲಿ ಸಾಯುವವರೆಗೆ ಮೂವತ್ತಾರು ವರ್ಷ ಆ ದೇಶವನ್ನು ಆಳಿದ. ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಬೇಕಾದರೂ, ಬ್ಯಾಂಕಿನಲ್ಲಿ ಖಾತೆ ತೆಗೆಯಬೇಕಾದರೂ ಗಂಡನ ಅನುಮತಿ ಬೇಕೆಂಬ ಕಾನೂನು 1975ರವರೆಗೂ ಇತ್ತು. ಹಾದರವನ್ನು ಜೈಲಿನ ಅಪರಾಧವೆಂದು ಎಣಿಸಿ, ಅದರಲ್ಲೂ ಹೆಂಗಸಿಗೆ ಬಿಗಿಯಾಗಿಯೂ ಗಂಡಸಿಗೆ ಸಡಿಲವಾಗಿಯೂ ಇದ್ದ ಕಾನೂನು 1978ರಲ್ಲಿ ರದ್ದಾಯಿತು. ಕಾನೂನು ಹೋಯಿತು, ಬೈಗುಳ ಉಳಿಯಿತು. ಆ ಉಳಿದ ಬೈಗುಳಕ್ಕೆ ಕುಲುಮೆಯ ಊರಿನ ಹುಡುಗಿಯರು ಕೈಹಾಕಿದರು.

ಬಂಧುಗಳೇ, ಈ ವಿದ್ಯೆ ಸ್ಪೇನಿನಲ್ಲಿ ಹುಟ್ಟಿದ್ದಲ್ಲ. ಕನ್ನಡಿಗರಿಗೆ ಇದು ಒಂಬೈನೂರು ವರ್ಷದ ಹಿಂದಿನ ಪಾಠ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ತನ್ನ ವೃತ್ತಿಯ ಹೆಸರನ್ನು ಆಕೆ ಮುಚ್ಚಿಡಲಿಲ್ಲ. ಆಕೆಯ ಅಂಕಿತ 'ನಿರ್ಲಜ್ಜೇಶ್ವರ'. ಲೋಕ ಯಾವ ಶಬ್ದದಿಂದ ಆಕೆಯನ್ನು ಹಳಿಯುತ್ತಿತ್ತೋ ಅದೇ 'ನಿರ್ಲಜ್ಜೆ'ಯನ್ನು ತೆಗೆದುಕೊಂಡು ಹೋಗಿ ದೇವರ ಹೆಸರನ್ನಾಗಿ ಮಾಡಿದಳು. ಆಕೆಯದೆಂದು ನಮಗೆ ಉಳಿದುಬಂದಿರುವುದು ಒಂದೇ ವಚನ. ಅದರಲ್ಲಿಯೂ ತನ್ನ ಕಸುಬಿನ ಕಟ್ಟುಪಾಡನ್ನೇ ಭಕ್ತಿಯ ನಿಷ್ಠೆಗೆ ಅಳತೆಗೋಲಾಗಿ ಹಿಡಿದಿದ್ದಾಳೆ. ದೇವರನ್ನೇ ತನ್ನ ಕಡೆಗೆ ಕರೆದುಕೊಂಡವಳನ್ನು ಇನ್ನು ಯಾರು ಏನೆಂದು ಬೈಯಬೇಕು?

ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ಹೇಳುವಾಗ ನಾವು ಭಕ್ತಿಯಿಂದ ಹೇಳುತ್ತೇವೆ. ಹೆಸರಿನ ಮೊದಲಿಗೆ ಇರುವುದು ಜಾತಿಯ, ಕಸುಬಿನ ಶಬ್ದವೆಂಬುದು ಮರೆತೇಹೋಗುತ್ತದೆ. ಇನ್ನು ಇಲ್ಲಿ ಕುಳಿತಿರುವ ಗಿರಣಿಯ ಹೆಣ್ಣುಮಕ್ಕಳಿಗೆ ತೀರ ಹತ್ತಿರದವಳು ಆಯ್ದಕ್ಕಿ ಲಕ್ಕಮ್ಮ. ಆಕೆಯ ಊರು ಕುಷ್ಟಗಿಗೆ ನೆರೆಯಾದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚಿಗೆ ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಆಕೆ ಹಿಂದಕ್ಕೆ ಕಳುಹಿಸಿದ ಕಥೆ ತಮಗೆ ಗೊತ್ತು. ನೆಲದ ಅಕ್ಕಿ ಆಯುವುದು ಬಡತನದ ಗುರುತು. ಗಿರಣಿಯಲ್ಲಿ ಇಂದಿಗೂ ಅದು ಹಂಗಿಸುವ ಮಾತೇ. ಆದರೆ ಆ ದಂಪತಿಗಳ ಹೆಸರಿನ ಮುಂದೆ ಕುಳಿತು ಅದು ಗೌರವದ ಶಬ್ದವಾಯಿತು. ಶಬ್ದದ ಅಕ್ಷರ ಬದಲಾಗಲಿಲ್ಲ. ಅದನ್ನು ಹೊತ್ತವರ ನಡೆಯಿಂದ ಅದರ ತೂಕ ಬದಲಾಯಿತು.

ನಮ್ಮ ಕಾಲಕ್ಕೆ ಬರೋಣ. 1973ರಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿದರು. ಬೂಸಾ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಅಂಗಡಿಗಳಲ್ಲೇ ಚೀಲಗಟ್ಟಲೆ ಮಾರುತ್ತೀರಿ. ಆ ಒಂದು ಮಾತಿಗೆ ರಾಜ್ಯದಲ್ಲಿ ಗಲಭೆಯಾಗಿ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ, ಬಸವಲಿಂಗಪ್ಪನವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ದಿನಬೆಳಗಾದರೆ ಜಾತಿ ಹಿಡಿದು ಬೈಯುವವರ ಕುರ್ಚಿ ಅಲುಗಲಿಲ್ಲ; ಒಬ್ಬ ದಲಿತ ಮಂತ್ರಿ ಪುಸ್ತಕಗಳನ್ನು ಬೂಸಾ ಎಂದದ್ದಕ್ಕೆ ಕುರ್ಚಿ ಹೋಯಿತು. ಯಾರ ಬಾಯಿಂದ ಬಂತು ಎಂಬುದರ ಮೇಲೆ ಶಬ್ದದ ಬೆಲೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ ಬೆಂಕಿಯಲ್ಲಿ ಬೆಳೆದು ಬಂದ ಯುವಕ ಕವಿ ಸಿದ್ಧಲಿಂಗಯ್ಯನವರು. 1975ರಲ್ಲಿ ಅವರು ತಂದ ಕವನ ಸಂಕಲನದ ಹೆಸರು 'ಹೊಲೆಮಾದಿಗರ ಹಾಡು'. ಕನ್ನಡದ ಕವನ ಸಂಕಲನಗಳಿಗೆ ಹೂವು, ಬಳ್ಳಿ, ತಾರೆ, ವೀಣೆಯ ಹೆಸರುಗಳು ಸಾಮಾನ್ಯವಾಗಿದ್ದ ಕಾಲ ಅದು. ಸಭ್ಯರ ಮನೆಯಲ್ಲಿ ಬೈಗುಳವಾಗಿ ಮಾತ್ರ ಬಳಕೆಯಲ್ಲಿದ್ದ ಎರಡು ಜಾತಿಗಳ ಹೆಸರನ್ನು ಪುಸ್ತಕದ ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರು. ಪುಸ್ತಕ ಬೇಕೆನ್ನುವ ಮೇಲ್ಜಾತಿಯವನೂ ಅಂಗಡಿಗೆ ಹೋಗಿ ಆ ಹೆಸರನ್ನು ಮರ್ಯಾದೆಯಿಂದ ಉಚ್ಚರಿಸಿ ಕೇಳಬೇಕಾಯಿತು. ಅವರ ಹಾಡುಗಳು ಪುಸ್ತಕದಲ್ಲಿ ಕೂತಿರಲಿಲ್ಲ. ತಮಟೆಯೊಡನೆ ಮೆರವಣಿಗೆಗಳಲ್ಲಿ ನಡೆದವು, ಅಕ್ಷರ ಬಾರದವರ ಬಾಯಲ್ಲಿಯೂ ಇದ್ದವು. 2021ರಲ್ಲಿ ಸಿದ್ಧಲಿಂಗಯ್ಯನವರು ತೀರಿಕೊಂಡರು, ಹಾಡುಗಳು ತೀರಲಿಲ್ಲ.

ಅದೇ 1975ರಲ್ಲಿ ನಮ್ಮ ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ, ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಗುಡಿಯಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸುಳ್ಳ ಒಬ್ಬ ಎಳೆಯ ಹುಡುಗನಿಗೆ ಮುತ್ತು ಕಟ್ಟಿಸಿದರು. ಮನೆಯಲ್ಲಿ ಇರಗೊಡದೆ, ಬೀದಿಯಲ್ಲಿ ಬಿಡದೆ ಹಂಗಿಸಿದ ಆ ಜೀವ ಒಮ್ಮೆ ವಿಷವನ್ನೂ ಕುಡಿಯಿತು. ಬದುಕಿ ಉಳಿದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರಲ್ಲಿ ಕುಣಿತ ಕಲಿತು, ತಲೆಯ ಮೇಲೆ ಕೊಡ ಹೊತ್ತು ಎಲ್ಲಮ್ಮನ ಕಥೆ ಹಾಡಿ ನಾಡೆಲ್ಲ ತಿರುಗಿತು. ಆಕೆಯೇ ಮಂಜಮ್ಮ ಜೋಗತಿ. 'ಜೋಗತಿ', 'ಜೋಗಪ್ಪ' ಎಂದರೆ ಜನ ಒಂದು ಕೈಯಿಂದ ಪಡ್ಡಲಗಿ ತುಂಬಿಸಿ ಇನ್ನೊಂದು ಕೈಯಿಂದ ಬಾಯಿಗೆ ಸೆರಗು ಹಿಡಿದು ನಗುವ ಶಬ್ದವಾಗಿತ್ತು. ಆಕೆ ಅದನ್ನು ಬಿಟ್ಟು ಬೇರೆ ಮರ್ಯಾದೆಯ ಹೆಸರು ಹುಡುಕಲಿಲ್ಲ. ಅದನ್ನೇ ಅಡ್ಡಹೆಸರಾಗಿ ಉಳಿಸಿಕೊಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವ ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ದಿಲ್ಲಿಯ ದರ್ಬಾರಿನಲ್ಲಿ 'ಜೋಗತಿ' ಎಂಬ ಶಬ್ದವನ್ನು ಕೂಗಿ ಕರೆದದ್ದು ಗೌರವ ಕೊಡಲಿಕ್ಕೆ.

ಇಷ್ಟು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ಬೈಗುಳ ಹಾಡಿನಲ್ಲಿ ಬಂದುಬಿಟ್ಟಿತು, ಇನ್ನು ಯಾರು ಬೇಕಾದರೂ ಅನ್ನಬಹುದು ಎಂದು ತಿಳಿಯುವ ಜಾಣರಿದ್ದಾರೆ. ಅವರಿಗೆ ಉತ್ತರ ಕೊಡಲು ಮೂರು ಪ್ರಶ್ನೆ ಸಾಕು.

ಒಂದು: ಹಾಡುತ್ತಿರುವ ಬಾಯಿ ಯಾರದು? ಬೈಸಿಕೊಂಡವನು ಹಾಡಿದರೆ ಶಬ್ದದ ವಿಷ ಇಳಿಯುತ್ತದೆ. ಬೈದವನೇ ಹಾಡಿದರೆ ಅದು ತಾಳ ಹಾಕಿದ ಬೈಗುಳ, ಅಷ್ಟೆ. ಕಾನೂನಿಗೂ ಈ ಭೇದ ಗೊತ್ತು. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಂತೆ, ಆ ಜನವರ್ಗದವರನ್ನು ಹೊರಗಿನವನೊಬ್ಬ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈದರೆ ಅದು ನೇರವಾಗಿ ಅಪರಾಧ. ಅದೇ ಶಬ್ದ ಸಿದ್ಧಲಿಂಗಯ್ಯನವರ ಪುಸ್ತಕದ ಮೇಲೆ ಕಾವ್ಯ.

ಎರಡು: ಹಾಡು ಯಾರ ಕಡೆಗೆ ಮುಖ ಮಾಡಿದೆ? ಸಂಕವ್ವೆ ಲೋಕದ ಕಡೆಗೆ ಮುಖ ಮಾಡಿದಳು, ತನಗಿಂತ ಕೆಳಗಿನವರನ್ನು ತುಳಿಯಲಿಲ್ಲ.

ಮೂರು: ದುಡ್ಡು ಯಾರ ಕಿಸೆಗೆ ಹೋಗುತ್ತದೆ? ನಮ್ಮ ಭಾಗದಲ್ಲಿ ಈಗ ಜಾತ್ರೆ, ಮದುವೆಗಳಲ್ಲಿ ಡೀಜೆ ಪೆಟ್ಟಿಗೆಯಿಂದ ಜಾನಪದವೆಂಬ ಹೆಸರಿನಲ್ಲಿ ಹೊರಡುವ ಎಷ್ಟೋ ಹಾಡುಗಳು ಕೈಕೊಟ್ಟ ಹುಡುಗಿಯನ್ನು ಹೀಯಾಳಿಸುವ ಹಾಡುಗಳು. ತಲೆಬರಹ ಚುಚ್ಚುವಂತಿದ್ದಷ್ಟೂ ಯೂಟ್ಯೂಬಿನಲ್ಲಿ ನೋಡುವವರು ಹೆಚ್ಚು. ಬೈಸಿಕೊಂಡ ಹುಡುಗಿಗೆ ಅದರಲ್ಲಿ ಮಾತಾಡುವ ಸರದಿಯೇ ಇಲ್ಲ. ಇದನ್ನು ಧೈರ್ಯದ ಹಾಡೆಂದು ಕರೆದರೆ ಚಿಲ್ಲರೆ ಮಾಲಿಗೆ ಖಾದಿಯ ಮುದ್ರೆ ಒತ್ತಿದ ಹಾಗೆ.

ಇನ್ನು ಸ್ಪೇನಿನ ಹೆಂಗಸರು ಎತ್ತಿದ ಆಕ್ಷೇಪಣೆಯ ಮಾತು. ವೇದಿಕೆಯಲ್ಲಿ ಒಬ್ಬಳು ನಗುತ್ತ ಹಾಡಿದ ಮಾತ್ರಕ್ಕೆ, ಮನೆಯೊಳಗೆ ಅದೇ ಶಬ್ದದೊಡನೆ ಹೊಡೆತ ತಿನ್ನುವವಳ ನೋವು ಇಳಿಯುತ್ತದೆಯೆ ಎಂಬುದು ಅದರ ಸಾರ. ಇಳಿಯುವುದಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ ತಿಂಗಳಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಮೊಕದ್ದಮೆ ಅಲ್ಲಿಂದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಕ್ಕೆ ಓಡಿದ್ದಕ್ಕೆ ಶುದ್ಧಿಯ ಖರ್ಚೆಂದು ತಂದೆಯಿಂದ 25,000 ರೂಪಾಯಿ ಕೇಳಿದರು. 'ಹೊಲೆಮಾದಿಗರ ಹಾಡು' ಅಚ್ಚಾಗಿ ಆಗ ನಲವತ್ತಾರು ವರ್ಷವಾಗಿತ್ತು. ಹಾಡೊಂದೇ ಗುಡಿಯ ಬಾಗಿಲು ತೆರೆಸಲಾರದು. ಅದು ಮಾಡುವುದು ಒಂದು ಕೆಲಸ: ಬಗ್ಗಿದ ತಲೆಯನ್ನು ಎತ್ತಿಸುತ್ತದೆ. ಎತ್ತಿದ ತಲೆ ಠಾಣೆಗೆ ಹೋಗಿ ದೂರು ಕೊಡುತ್ತದೆ, ಕೋರ್ಟಿನ ಕಟ್ಟೆಯಲ್ಲಿ ಸಾಕ್ಷಿ ಹೇಳುತ್ತದೆ, ಸಂಘ ಕಟ್ಟುತ್ತದೆ. ಹಾಡಿನಿಂದ ಮುಂದಿನ ದಾರಿಯನ್ನು ನಡೆದೇ ಮುಗಿಸಬೇಕು.

ಮತ್ತೊಂದು ಮಾತು. ಹಳೆಯ ಶಬ್ದವನ್ನು ಎತ್ತಿಕೊಂಡು ಹಾಡಲೇಬೇಕೆಂದು ಯಾರನ್ನೂ ಒತ್ತಾಯಿಸಕೂಡದು. ಅದರ ಗಾಯ ಇನ್ನೂ ಹಸಿಯಾಗಿರುವವರು ಅದನ್ನು ಕೇಳಲೂ ಒಲ್ಲೆನೆನ್ನಬಹುದು; ಅವರ ಹಕ್ಕು ಅದು. ಗಾಂಧೀಜಿಯವರು ಪ್ರೀತಿಯಿಂದಲೇ 'ಹರಿಜನ' ಎಂದು ಕರೆದರು. ದಲಿತ ಚಳವಳಿ ಅದನ್ನು ಒಪ್ಪಲಿಲ್ಲ. ಬೈಗುಳದ ಹೆಸರಾಗಲಿ ಕರುಣೆಯ ಹೆಸರಾಗಲಿ, ಇನ್ನೊಬ್ಬರು ಕೊಟ್ಟದ್ದನ್ನು ತೊಡಬೇಕೋ ಬಿಸಾಡಬೇಕೋ ಎಂಬುದನ್ನು ತೊಡುವವನೇ ನಿರ್ಧರಿಸಬೇಕು. ಈ ದಿನದ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಕಡೆಯದಾಗಿ, ನಮ್ಮ ಕೈಯಲ್ಲೇ ಇರುವ ಕೆಲಸ. ಹಮಾಲರು ತಮ್ಮ ಸಂಘಕ್ಕೆ ಬೇರೆ ಸೊಗಸಾದ ಹೆಸರು ಹುಡುಕದೆ 'ಹಮಾಲರ ಸಂಘ' ಎಂದೇ ಫಲಕ ಬರೆಸಿದಾಗ, ಅವರು ಮಾಡಿದ್ದು ಸಂಕವ್ವೆ ಮಾಡಿದ ಕೆಲಸವನ್ನೇ. ಫಲಕದ ಮೇಲೆ ಆ ಶಬ್ದ ತಲೆಯೆತ್ತಿ ನಿಂತಿದೆ. ಆದರೆ ಫಲಕದ ಕೆಳಗೆ ನಿಂತ ಮನುಷ್ಯನನ್ನು ಕರೆಯುವಾಗ ಅಂಗಡಿಕಾರರು ಅವನ ಹೆಸರು ಹಿಡಿದು 'ಅಣ್ಣಾ' ಎನ್ನಲಿ. ಅದಕ್ಕೆ ಕಾಸು ಖರ್ಚಿಲ್ಲ. ಗಿರಣಿಯ ಗಂಡಾಳುಗಳು, ಲೆಕ್ಕ ಕೇಳುವ ಹೆಣ್ಣುಮಗಳಿಗೆ 'ಬಜಾರಿ' ಎನ್ನುವ ಬದಲು ಆಕೆಯ ಬೆನ್ನಿಗೆ ನಿಂತು ತಾವೂ ಲೆಕ್ಕ ಕೇಳಲಿ; ಆಕೆ ಕೇಳುತ್ತಿರುವುದು ನಿಮ್ಮ ಲೆಕ್ಕವನ್ನೂ ಹೌದು. ಇನ್ನು ತಾಯಂದಿರೇ, ಆ ಶಬ್ದವನ್ನು ಒಂದು ದಿನ ನೀವೇ ಎತ್ತಿಕೊಂಡು ಬಜಾರಿನ ನಡುವೆ ಹಾಡಬೇಕೆನಿಸಿದರೆ ಧಾರಾಳವಾಗಿ ಹಾಡಿರಿ. ಆ ದಿನ ನಾವು ಗಂಡಸರು ಕುಳಿತು ಕೇಳುತ್ತೇವೆ.